ಗುಡ್ಡ ಹತ್ತುವ ಮಕ್ಕಳು, ಮನೆಯಲ್ಲಿ ಕಾಯುವ ಹಾಲುಬಾಯಿ

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಕ್ಕಳ ಜೊತೆ ಗುಡ್ಡಕ್ಕೋ ಕೆರೆಗೋ ಹೋಗುವ ದಿನ ಸಿಹಿಯನ್ನು ಮೊದಲೇ ಮಾಡಿಟ್ಟು ಹೊರಡುತ್ತೇವೆ. ತಟ್ಟೆಗೆ ಸುರಿದು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಬೀಗ ಹಾಕಿಕೊಂಡು ಹೋಗುವುದು. ಮಕ್ಕಳು ಅದನ್ನು ನೋಡಿಯೇ ಹೊರಟಿರುತ್ತಾರೆ. ತುದಿ ತನಕ ಹೋಗಿ ಬಂದರೂ ಅದು ಇರುತ್ತದೆ, ಅರ್ಧ ದಾರಿಯಲ್ಲಿ ವಾಪಸ್ ಬಂದರೂ ಇರುತ್ತದೆ.

ನಾನು ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯವನು. ಈಗ ಇರುವುದು ಮೈಸೂರಿನಲ್ಲಿ. ಹೆಂಡತಿ ನರ್ಸ್, ಪಾಳಿ ಕೆಲಸ, ಅವಳಿಗೆ ಭಾನುವಾರ ರಜೆ ಸಿಗುವುದು ಅಪರೂಪ. ಹಾಗಾಗಿ ಭಾನುವಾರದ ಮಕ್ಕಳೂ ಭಾನುವಾರದ ಅಡುಗೆಯೂ ನನ್ನ ಪಾಲಿಗೆ. ಮಗಳಿಗೆ 11, ಮಗನಿಗೆ 7.

ಈ ಪದ್ಧತಿ ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ. ಮಗಳಿಗೆ ಆಗ 6 ವರ್ಷ. ಮೊದಲ ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಲು ಕರೆದುಕೊಂಡು ಹೋಗಿದ್ದೆ. ಸುಮಾರು 1,000 ಮೆಟ್ಟಿಲು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,060 ಮೀಟರ್ ಚಿಲ್ಲರೆ ಅಂತ ಕೇಳಿದರೆ ಭಯ ಆಗುತ್ತದೆ. ಆದರೆ ಮೈಸೂರೇ 760ರ ಆಸುಪಾಸಿನಲ್ಲಿದೆ. ಮಗು ನಿಜವಾಗಿ ಹತ್ತುವುದು 300 ಮೀಟರ್ ಅಷ್ಟೆ. ಇನ್ನೂರು ಮೆಟ್ಟಿಲು ಆದ ಮೇಲೆ ಅವಳು ನಿಧಾನ ಆದಳು. ಹುರುಪು ಬರಲಿ ಅಂತ ನಾನು ಹೇಳಿದೆ, "ಮೇಲಿನ ತನಕ ಹತ್ತಿದರೆ ಮನೆಗೆ ಹೋಗಿ ಹೆಸರುಬೇಳೆ ಪಾಯಸ ಮಾಡ್ತೀನಿ." ಅವಳು ಮಾತೇ ಆಡದೆ ಹತ್ತಿದಳು. ನಂದಿಯ ಹತ್ತಿರವೂ ಕೂರಲಿಲ್ಲ. ಮೇಲೆ ಹೋಗಿ ಶೂ ಬಿಚ್ಚಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಒಡೆದು, ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು.

"ಯಾಕಮ್ಮಾ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ಪಾಯಸ ಇಲ್ಲ ಅಂದ್ಕೊಂಡೆ."

ಅವತ್ತೇ ತೀರ್ಮಾನ ಮಾಡಿದೆ. ಸಿಹಿಯನ್ನು ಯಾವತ್ತೂ ಧೈರ್ಯಕ್ಕೆ ಕೂಲಿಯಾಗಿ ಕೊಡಬಾರದು. ಕೂಲಿ ಕೊಟ್ಟರೆ ಮಗು ನೋವು ಮುಚ್ಚಿಡುತ್ತದೆ, ಭಯ ಮುಚ್ಚಿಡುತ್ತದೆ. ಗುಡ್ಡದ ಮೇಲೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಮೊದಲು ಸಣ್ಣದು

ಧೈರ್ಯ ಕಲಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಮಕ್ಕಳ ಮೊದಲ ಹೆಜ್ಜೆ ಬೀದಿ ಕೊನೆಯ ಅಂಗಡಿಯಿಂದ ಒಬ್ಬರೇ ತೆಂಗಿನಕಾಯಿ ತರುವುದು. ದಾರಿಯಲ್ಲಿ ಒಂದೇ ಒಂದು ಅಡ್ಡರಸ್ತೆ ಇದೆ. ಮೂರು ಸಲ ನಾನು ಜೊತೆಗೆ ಹೋದೆ, ಮುಂದೆ ಮಗಳು, ಹಿಂದೆ ನಾನು. ನಾಲ್ಕನೇ ಸಲ ಗೇಟಿನಲ್ಲಿ ನಿಂತೆ. ಐದನೇ ಸಲ ಒಳಗೆ ಕೂತೆ. ಕಾಯಿ ಆರಿಸುವುದನ್ನೂ ಕಲಿಸಿ. ಕಿವಿ ಹತ್ತಿರ ಅಲ್ಲಾಡಿಸಿದರೆ ನೀರು ಕೇಳಬೇಕು. ಗಾತ್ರಕ್ಕೆ ತಕ್ಕ ಭಾರ ಇರಬೇಕು. ಕಣ್ಣಿನ ಹತ್ತಿರ ಒದ್ದೆಯೋ ಬೂಷ್ಟೋ ಇದ್ದರೆ ಬೇಡ. ಎರಡು ಸಲ ಕೆಟ್ಟ ಕಾಯಿ ತಂದಳು. ನಾನು ಅಂಗಡಿಗೆ ಹೋಗಿ ಬದಲಾಯಿಸಲಿಲ್ಲ. ಅವಳೇ ತೆಗೆದುಕೊಂಡು ಹೋಗಿ, ಅಂಗಡಿಯವರ ಹತ್ತಿರ ಮಾತಾಡಿ, ಬೇರೆ ತಂದಳು. ಆರು ವರ್ಷದ ಮಗುವಿಗೆ ಅದು ಬೆಟ್ಟ ಹತ್ತಿದಷ್ಟೇ ದೊಡ್ಡದು.

ಮರ ಹತ್ತುವುದಕ್ಕೆ ನಮ್ಮಲ್ಲಿ ಒಂದೇ ನಿಯಮ. ನಾನು ಎತ್ತಿ ಕೂರಿಸುವುದಿಲ್ಲ. ಎಷ್ಟು ಎತ್ತರಕ್ಕೆ ತಾವೇ ಹತ್ತುತ್ತಾರೋ ಅಷ್ಟರಿಂದ ಇಳಿಯಲು ಹೆಚ್ಚಾಗಿ ಅವರಿಗೇ ಬರುತ್ತದೆ. ನಾವು ಎತ್ತಿ ಇಟ್ಟರೆ ಇಳಿಯುವ ದಾರಿ ಅವರ ಕೈಗೂ ಕಾಲಿಗೂ ಗೊತ್ತಿರುವುದಿಲ್ಲ. ಸೀಬೆ ಮರ ಮೊದಲ ಮರಕ್ಕೆ ಒಳ್ಳೆಯದು, ಕೊಂಬೆ ಗಟ್ಟಿ, ಕವಲು ಕೆಳಗಿನಿಂದಲೇ ಶುರು. ನುಗ್ಗೆ ಮರದ ಹತ್ತಿರವೂ ಬಿಡಬೇಡಿ, ನೋಡಲು ದಪ್ಪ ಇದ್ದರೂ ಪಟ್ ಅಂತ ಮುರಿಯುತ್ತದೆ.

ಕೆಳಗೆ ನಿಂತು "ಹುಷಾರು, ಹುಷಾರು" ಅಂತ ಕೂಗುವುದನ್ನು ನಾನು ಕಷ್ಟಪಟ್ಟು ಬಿಟ್ಟೆ. ಆ ಮಾತಿನಿಂದ ಮಗುವಿಗೆ ಏನೂ ಗೊತ್ತಾಗುವುದಿಲ್ಲ, ನಮ್ಮ ಭಯ ಮಾತ್ರ ಹೋಗಿ ಅದಕ್ಕೆ ಅಂಟುತ್ತದೆ. ಅದರ ಬದಲು ಕಂಡದ್ದನ್ನು ಹೇಳಿ. "ಎಡಗಾಲ ಕೆಳಗಿನ ಕೊಂಬೆ ಒಣಗಿದೆ ನೋಡು." "ಆ ಕಲ್ಲಿನ ಮೇಲೆ ಪಾಚಿ ಇದೆ." "ಈಗ ಕೈ ಎಲ್ಲಿ ಇಡ್ತೀಯ?" ಇಷ್ಟು ಸಾಕು. ಹಾಗೆಯೇ "ನೀನು ಹುಲಿ, ನೀನು ಸಿಂಹ" ಅಂತ ಹೊಗಳಿ ಹೊನ್ನಶೂಲಕ್ಕೆ ಏರಿಸುವುದೂ ಬೇಡ. ಹೊಗಳಿಕೆ ಉಳಿಸಿಕೊಳ್ಳಲು ಅವರು ಮಾಡಬಾರದ್ದನ್ನು ಮಾಡುತ್ತಾರೆ.

ಆಮೇಲೆ ಕೆರೆ. ನಮಗೆ ಕುಕ್ಕರಹಳ್ಳಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕೆರೆ ಅದು. ಅಲ್ಲಿ ದಾರಿ ತೋರಿಸುವುದು ಮಗನ ಕೆಲಸ. ಎಲ್ಲಿ ತಿರುಗಬೇಕು, ಎಲ್ಲಿ ಕೂರಬೇಕು, ನೀರು ಯಾವಾಗ ಕುಡಿಯಬೇಕು, ಎಲ್ಲ ಅವನದೇ ಮಾತು. ದಾರಿ ತಪ್ಪಿದರೆ ನಾನು ಐದು ನಿಮಿಷ ಬಾಯಿ ಮುಚ್ಚಿಕೊಂಡು ಹಿಂದೆ ನಡೆಯುತ್ತೇನೆ. ಹೆಜ್ಜಾರ್ಲೆ ಹಕ್ಕಿ ನೋಡುತ್ತಾ ನಿಂತು ಅವನು ದಾರಿ ಮರೆಯುವುದುಂಟು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, "ಅಪ್ಪ, ನೀರು ನಮ್ಮ ಬಲಗಡೆ ಇರಬೇಕಿತ್ತು ಅಲ್ವಾ?" ಅಂತ ಅವನೇ ಸರಿಮಾಡಿಕೊಳ್ಳುತ್ತಾನೆ.

ಬೆಟ್ಟಕ್ಕೆ ಹೋಗುವವರಿಗೆ ಮೂರೇ ಮಾತು. ಬಿಸಿಲೇರುವ ಮೊದಲು, ಬೆಳಿಗ್ಗೆ 6ಕ್ಕೇ ಹತ್ತಲು ಶುರು ಮಾಡಿ. ಹೊಸ ಶೂ ಹಾಕಿಸಬೇಡಿ, ಒಂದು ವಾರ ಮನೆಯಲ್ಲೇ ಹಾಕಿಕೊಂಡು ಓಡಾಡಿದ ಶೂ ಆಗಬೇಕು. ತಿಂಡಿಯನ್ನು ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಕವರಿನಲ್ಲಿ ಒಯ್ದರೆ ಕೋತಿ ಬಿಡುವುದಿಲ್ಲ, ಬೆನ್ನಿನ ಚೀಲದೊಳಗೆ ಇರಲಿ. ಸುಮಾರು 700ನೇ ಮೆಟ್ಟಿಲಿನ ಹತ್ತಿರ ನಂದಿ ಸಿಗುತ್ತದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು, ಒಂದೇ ಕಲ್ಲಿನದು. ಅಲ್ಲಿ ಕೂತು "ಮುಂದೆ ಹೋಗೋಣವಾ, ಇಳಿಯೋಣವಾ?" ಅಂತ ಕೇಳುತ್ತೇನೆ. ಕೇಳಿದ ಮೇಲೆ ಅವರು ಹೇಳಿದಂತೆ ಮಾಡಬೇಕು. ಇಳಿಯೋಣ ಅಂದರೆ ಇಳಿಯುವುದೇ.

ಹಾಲುಬಾಯಿ

ಈಗ ಮನೆಯ ಒಳಗಿನ ಮಾತು. ನಮ್ಮ ಕಡೆ ಹಾಲ್ಬಾಯಿ ಅಂತಲೂ ಅನ್ನುತ್ತೇವೆ. ಮೊದಲೇ ಮಾಡಿಟ್ಟು ಹೋಗಲು ಇದರಷ್ಟು ಒಳ್ಳೆಯ ಸಿಹಿ ಇಲ್ಲ. ನಾವು ತಿರುಗಾಡಿ ಬರುವ ಮೂರು ನಾಲ್ಕು ಗಂಟೆಯಲ್ಲಿ ಅದು ತಾನೇ ಆರಿ, ಕತ್ತರಿಸಲು ಹದ ಆಗಿರುತ್ತದೆ. ಹಲ್ಲು ಬೀಳುವ ವಯಸ್ಸಿನ ಮಗುವೂ ತಿನ್ನಬಹುದು.

ಒಂದು ಲೋಟ ಸೋನಾ ಮಸೂರಿ ಅಕ್ಕಿ, ಒಂದು ಲೋಟ ಕಾಯಿ ತುರಿ, ಒಂದೂವರೆ ಲೋಟ ಪುಡಿ ಮಾಡಿದ ಬೆಲ್ಲ, ಒಟ್ಟು ಮೂರೂವರೆ ಲೋಟ ನೀರು, ನಾಲ್ಕು ಏಲಕ್ಕಿ, ಮೂರು ಚಮಚ ತುಪ್ಪ, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಬೆಲ್ಲದ ರುಚಿ ಎದ್ದು ನಿಲ್ಲುವುದೇ ಅದರಿಂದ. ಬೆಲ್ಲಕ್ಕೆ ಅಚ್ಚುಬೆಲ್ಲ ಆಗುತ್ತದೆ. ತೀರಾ ಹಳದಿ, ಹೊಳೆಯುವ ಬೆಲ್ಲ ಬೇಡ. ಕಂದು ಬಣ್ಣದ್ದು ತೆಗೆದುಕೊಳ್ಳಿ.

ಬೆಳಿಗ್ಗೆ ಬೇಗ ಹೊರಡುವುದಾದರೆ ಅಕ್ಕಿಯನ್ನು ರಾತ್ರಿಯೇ ನೆನೆಸಿ. ಇಲ್ಲದಿದ್ದರೆ ಮೂರು ನಾಲ್ಕು ಗಂಟೆ ಸಾಕು. ಅಕ್ಕಿ, ಕಾಯಿ, ಏಲಕ್ಕಿ ಮೂರನ್ನೂ ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಎರಡು ಬೆರಳ ನಡುವೆ ಉಜ್ಜಿದರೆ ರವೆಯಂತೆ ಸಿಗಬಾರದು. ಸಿಕ್ಕರೆ ಇನ್ನೊಂದು ಸುತ್ತು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಒಂದು ಲೋಟ ನೀರಿನಲ್ಲಿ ಕರಗಿಸಿ, ಸೋಸಿ. ತಳದಲ್ಲಿ ಕಲ್ಲು ಮರಳು ಇದ್ದೇ ಇರುತ್ತದೆ. ಎರಡನ್ನೂ ದಪ್ಪ ತಳದ ಬಾಣಲೆಗೆ ಹಾಕಿ, ಉಳಿದ ನೀರು ಸೇರಿಸಿ, ಗಂಟಿಲ್ಲದಂತೆ ಕಲಸಿ. ಆಮೇಲೆಯೇ ಒಲೆ ಹಚ್ಚಿ. ಬಿಸಿ ಬಾಣಲೆಗೆ ಹಿಟ್ಟು ಸುರಿದರೆ ಬಿದ್ದ ಜಾಗದಲ್ಲೇ ಬೆಂದು ಗಂಟಾಗುತ್ತದೆ.

ಸಣ್ಣ ಉರಿಗಿಂತ ಸ್ವಲ್ಪ ಜಾಸ್ತಿ ಇಟ್ಟು ಮಗುಚುತ್ತಾ ಇರಬೇಕು. ಐದಾರು ನಿಮಿಷ ಏನೂ ಆಗುವುದಿಲ್ಲ. ತೆಳ್ಳಗೆ ನೀರು ನೀರಾಗಿಯೇ ಇರುತ್ತದೆ. ಆಮೇಲೆ ಒಮ್ಮೆಲೇ ತಳದಿಂದ ಉಂಡೆ ಉಂಡೆ ಏಳುತ್ತದೆ. ಮೊದಲ ಸಲ ಮಾಡುವವರು ಕೆಟ್ಟಿತು ಅಂದುಕೊಳ್ಳುವುದು ಇಲ್ಲೇ. ಕೆಟ್ಟಿಲ್ಲ. ಅಕ್ಕಿಯ ಪಿಷ್ಟ ಬಿಸಿಗೆ ನೀರು ಕುಡಿದು ಉಬ್ಬುತ್ತಿದೆ ಅಷ್ಟೆ, ತಳ ಮೊದಲು ಬಿಸಿಯಾಗುವುದರಿಂದ ಅಲ್ಲಿ ಮೊದಲು ಉಬ್ಬುತ್ತದೆ. ಉರಿ ತಗ್ಗಿಸಿ, ಸಟ್ಟುಗದಿಂದ ಬಾಣಲೆಯ ತಳ ಕೆರೆಯುತ್ತಾ ಜೋರಾಗಿ ಮಗುಚಿ. ಎರಡು ನಿಮಿಷದಲ್ಲಿ ಎಲ್ಲ ಒಂದಾಗುತ್ತದೆ. ಇನ್ನೂ ಹತ್ತು ಹದಿನೈದು ನಿಮಿಷ ಬಿಡದೆ ಮಗುಚಬೇಕು. ಬಣ್ಣ ಗಾಢವಾಗುತ್ತದೆ, ಮೈ ಹೊಳೆಯುತ್ತದೆ, ಮಗುಚಿದಾಗ ಬಾಣಲೆ ಬಿಟ್ಟು ಮುದ್ದೆಯಾಗಿ ಸಟ್ಟುಗದ ಜೊತೆ ಬರುತ್ತದೆ. ತುಪ್ಪವನ್ನು ಈಗ ಒಂದೊಂದೇ ಚಮಚ ಹಾಕಿ. ಹದ ನೋಡಲು ಒಂದು ಚೂರು ತಟ್ಟೆಗೆ ಹಾಕಿ, ಆರಿದ ಮೇಲೆ ಒದ್ದೆ ಬೆರಳಲ್ಲಿ ಮುಟ್ಟಿ. ಅಂಟದಿದ್ದರೆ ಆಯಿತು. ಬೇಗ ಇಳಿಸಿದರೆ ಹಸಿ ಅಕ್ಕಿ ವಾಸನೆ ಉಳಿಯುತ್ತದೆ, ಬೆಳಿಗ್ಗೆಯ ಅವಸರದಲ್ಲಿ ನಾನು ಎರಡು ಸಲ ಹಾಗೆ ಮಾಡಿ ಮಕ್ಕಳ ಮುಖ ನೋಡಿದ್ದೇನೆ. ತುಪ್ಪ ಸವರಿದ ತಟ್ಟೆಗೆ ಸುರಿದು, ಬಾಳೆಲೆಯ ಚೂರಿನಿಂದ ಮೇಲ್ಭಾಗ ತಟ್ಟಿ ಸಮ ಮಾಡಿ.

ಕಾಯಿ ಇರುವುದರಿಂದ ಹೊರಗೆ ಒಂದು ದಿನವಷ್ಟೇ ಇರುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ, ಐದು ನಿಮಿಷ ಹಬೆಯಲ್ಲಿ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಅಕ್ಕಿಯ ಬದಲು ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ ತೆಗೆದು ಮಾಡಿದರೆ ರಾಗಿ ಹಾಲುಬಾಯಿ. ಅದರ ರುಚಿಯೇ ಬೇರೆ.

ಮಗುಚುವ ಕೆಲಸದಲ್ಲಿ ಮಕ್ಕಳಿಗೆ ಪಾಲು ಕೊಡಿ. ಏಳು ವರ್ಷದವನು ಮೊದಲ ಐದು ನಿಮಿಷ, ತೆಳ್ಳಗಿರುವಾಗ. ಹನ್ನೊಂದರವಳು ಮಧ್ಯದಲ್ಲಿ. ಕೊನೆಯ ಹತ್ತು ನಿಮಿಷ ದೊಡ್ಡವರೇ. ಆಗ ಅದು ಗುಳ್ಳೆ ಎದ್ದು ಚಿಮ್ಮುತ್ತದೆ, ಬೆಲ್ಲದ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಸುಟ್ಟುಕೊಂಡರೆ ತಕ್ಷಣ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಬೆಣ್ಣೆ, ಐಸ್ ಯಾವುದೂ ಬೇಡ. ಗುಳ್ಳೆ ದೊಡ್ಡದಾಗಿ ಎದ್ದರೆ ಡಾಕ್ಟರ ಹತ್ತಿರ ಹೋಗಿ. ಇದು ನನ್ನ ಹೆಂಡತಿಯ ಕಟ್ಟುನಿಟ್ಟಿನ ಆಜ್ಞೆ, ಒಲೆಯ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದಾಳೆ.

ಪಾಯಸ, ರಸಾಯನ

ಮಳೆಯಲ್ಲಿ ನೆಂದು ಬಂದ ದಿನ ಹಾಲುಬಾಯಿ ಸಾಲದು, ಬಿಸಿ ಬೇಕು. ಒಂದು ಲೋಟ ಹೆಸರುಬೇಳೆಯನ್ನು ಘಮ್ ಅನ್ನುವ ತನಕ ಹುರಿದು, ಕುಕ್ಕರಿನಲ್ಲಿ ಮೂರು ಲೋಟ ನೀರು ಹಾಕಿ ಪೂರ್ತಿ ಬೇಯಿಸಿಟ್ಟು ಹೊರಡಿ. ಬೆಲ್ಲವನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಬೇಳೆ ಮೆತ್ತಗಾಗುವುದೇ ಇಲ್ಲ. ಮನೆಗೆ ಬಂದು ಒಂದು ಲೋಟ ಬೆಲ್ಲ, ಎರಡನೇ ಸಲ ಹಿಂಡಿದ ತೆಳು ಕಾಯಿಹಾಲು ಹಾಕಿ ಕುದಿಸಿ. ಮೊದಲ ಸಲ ಹಿಂಡಿದ ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆ ಬೆರೆಸಿ, ಕುದಿಸಿದರೆ ಒಡೆಯುತ್ತದೆ. ತಲೆ ಒರೆಸಿ ಬಟ್ಟೆ ಬದಲಾಯಿಸುವಷ್ಟರಲ್ಲಿ ಆಗುತ್ತದೆ.

ಮಗ ಒಬ್ಬನೇ ಮಾಡುವುದು ಬಾಳೆಹಣ್ಣಿನ ರಸಾಯನ. ಒಲೆ ಬೇಡ, ಚೂಪು ಚಾಕು ಬೇಡ. ಆರು ಏಲಕ್ಕಿ ಬಾಳೆಹಣ್ಣು ಹೆಚ್ಚಿ, ಕಾಯಿಹಾಲು, ಬೆಲ್ಲದ ಪುಡಿ, ಹುರಿದಿಟ್ಟ ಎಳ್ಳು ಒಂದು ಚಮಚ. ನಂಜನಗೂಡು ರಸಬಾಳೆ ಸಿಕ್ಕಿದರೆ ಅದರದ್ದೇ ಮಾಡಿ. ಭೌಗೋಳಿಕ ಸೂಚಿ ಪಡೆದ ಹಣ್ಣು, ಈಗ ಸಿಗುವುದು ಕಮ್ಮಿ. ಸಿಕ್ಕ ದಿನ ಬೆಲ್ಲ ಅರ್ಧ ಹಾಕಿದರೂ ಸಾಕು.

ಊರಿನ ಕಾಡು, ಹಳ್ಳ

ರಜೆಗೆ ಊರಿಗೆ ಹೋದಾಗ ಲೆಕ್ಕ ಬೇರೆ. ಅಲ್ಲಿ ಧೈರ್ಯದ ಜೊತೆ ತಿಳಿವಳಿಕೆ ಬೇಕು. ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ನಾನು ಹೆದರುವುದಿಲ್ಲ. ಕಾಲುಚೀಲದ ಮೇಲೆ ಸುಣ್ಣವೋ ಉಪ್ಪೋ ಸವರಿದರೆ ಕಮ್ಮಿಯಾಗುತ್ತದೆ, ಕಚ್ಚಿದರೂ ಒಂದಿಷ್ಟು ತುರಿಕೆ ಅಷ್ಟೆ. ಹೆದರಬೇಕಾದದ್ದು ಒಣಗಾಲದ ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗು ಕಚ್ಚಿ. ಡಿಸೆಂಬರ್‌ನಿಂದ ಮೇ ತನಕ ಕಾಯಿಲೆ ಕಾಣಿಸಿದ ಕಾಡಿಗೆ ಮಕ್ಕಳನ್ನು ಒಯ್ಯುವುದೇ ಬೇಡ. ಬೇರೆ ಕಡೆ ಹೋದರೂ ತುಂಬು ತೋಳು, ಉದ್ದ ಪ್ಯಾಂಟು ಇರಲಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಹೇಳಬೇಕು ಅಂತ ಮಕ್ಕಳಿಗೂ ಕಲಿಸಿದ್ದೇನೆ.

ಹಾವಿನ ವಿಷಯ ಚಿಕ್ಕದು. ಕಾಣದ ಜಾಗಕ್ಕೆ ಕೈ ಹಾಕಬಾರದು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಅಂಗಳ ದಾಟಬಾರದು. ಕಚ್ಚಿದರೆ ಕಟ್ಟಬಾರದು, ಕೊಯ್ಯಬಾರದು, ಓಡಬಾರದು. ಕಚ್ಚಿದ ಕೈ ಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ.

ನೀರು ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡದ ಜಾಗ. ಚಿಕ್ಕವನ ಮಂಡಿಯೇ ಎಲ್ಲರ ಅಳತೆ. ಮೋಡ ಇಲ್ಲದಿದ್ದರೂ ಮೇಲೆ ಎಲ್ಲೋ ಮಳೆ ಬಂದರೆ ಹಳ್ಳ ಏರುತ್ತದೆ. ತಿಳಿ ನೀರು ಕೆಂಪಗಾದರೆ, ಎಲೆ ಕಡ್ಡಿ ಜಾಸ್ತಿ ಬರತೊಡಗಿದರೆ ಮಾತಿಲ್ಲದೆ ದಡಕ್ಕೆ. ಕಾವೇರಿಯಲ್ಲಿ ಮೇಲೆ ಎಷ್ಟೇ ಶಾಂತ ಕಂಡರೂ ನಾವು ಇಳಿಯುವುದಿಲ್ಲ. ಈಜು ಕಲಿಸಿ, ಕೊಳದಲ್ಲಿ, ಕಲಿಸುವವರ ಕೈಯಲ್ಲಿ.

ನಮ್ಮ ಮನೆಯ ತೋಟಕ್ಕೂ ಗದ್ದೆಗೂ ನಡುವೆ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ಎರಡು ಅಡಿಕೆ ಮರ ಉದ್ದಕ್ಕೆ ಹಾಸಿ, ಒಂದು ಬದಿಗೆ ಬಿದಿರಿನ ಹಿಡಿಕೆ ಕಟ್ಟಿದ್ದು. ಕಳೆದ ಬೇಸಿಗೆಯಲ್ಲಿ ಕೆಳಗೆ ನೀರು ಕಣಕಾಲಿನಷ್ಟಿತ್ತು. ಅಕ್ಕ ದಾಟಿ ಆಚೆ ಗದ್ದೆಯಲ್ಲಿ ನಿಂತಿದ್ದಳು. ಮಗ ಐದಾರು ಹೆಜ್ಜೆ ಇಟ್ಟ. ಮಧ್ಯಕ್ಕೆ ಬಂದಾಗ ಮರ ಸ್ವಲ್ಪ ತೂಗಿತು. ಅವನು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಅಕ್ಕ ಕರೆಯಲು ಬಾಯಿ ತೆಗೆದಳು, ನಾನು ಬೇಡ ಅಂತ ಕೈ ಮಾಡಿದೆ. ಅವನ ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ನಾನು ಕೆಳಗೆ ಹಳ್ಳಕ್ಕೆ ಇಳಿದು ಅವನ ನೇರಕ್ಕೆ ನಿಂತೆ, ಮುಟ್ಟಲಿಲ್ಲ. ತುಂಬಾ ಹೊತ್ತಿನ ಮೇಲೆ "ಅಪ್ಪ, ನನಗೆ ಭಯ ಆಗ್ತಿದೆ. ನಾನು ವಾಪಸ್ ಬರ್ತೀನಿ" ಅಂದ. ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಲು ಹಿಂದಿಟ್ಟು, ತಾನೇ ಬಂದ.

ಮನೆಗೆ ಬಂದಾಗ ಆಯಿ ಜಗುಲಿಯಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದಳು. "ದಾಟಲಿಲ್ಲ ಅಜ್ಜಿ" ಅಂದ, ನಿಂತುಕೊಂಡೇ.

"ಬಾ ಮಾಣಿ, ತಿನ್ನು ಮೊದ್ಲು" ಅಂದಳು ಆಯಿ. ಹಾಲುಬಾಯಿಯ ಮೂಲೆಯ ತುಂಡು ಎತ್ತಿ ಕೈಗೆ ಕೊಟ್ಟಳು. ಆ ತುಂಡಿಗೇ ಮನೆಯಲ್ಲಿ ಯಾವಾಗಲೂ ಜಗಳ. ಅವನು ಅಂಗಳದ ಕಡೆ ಮುಖ ಮಾಡಿ ಕೂತು ತಿಂದ. ತಿಂದು ಮುಗಿಸಿ ಕೈ ನೆಕ್ಕುತ್ತಾ, ಆ ಸಂಕದ ಎರಡು ಮರದಲ್ಲಿ ಯಾವುದು ತೂಗುತ್ತದೆ, ಎಡಗಡೆಯದೋ ಬಲಗಡೆಯದೋ ಅಂತ ಅಕ್ಕನನ್ನು ಕೇಳುತ್ತಿದ್ದ.